2008ರ ಕ್ಯಾಮೆರಾದಲ್ಲಿ ಮೂರು ದಿನದ ಕೆಲಸ

ಟ್ರೈಪಾಡ್‌ಗೆ ನನ್ನ ಕಾಲೇ ತಗುಲಿತು. ಬೈಯೋಣವೆಂದರೆ ಬೇರೆ ಯಾರೂ ಇರಲಿಲ್ಲ. 45 ಮೆಗಾಪಿಕ್ಸೆಲ್‌ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಮುಖ ಕೆಳಗಾಗಿ ಬಿತ್ತು, ಲೆನ್ಸ್ ಕೂರುವ ಲೋಹದ ಉಂಗುರ ಒಂದು ಕಡೆ ಸೊಟ್ಟಗಾಯಿತು. ರಿಪೇರಿಗೆ ಎರಡು ವಾರ. ಕೆಲಸ ಶುರುವಾಗಬೇಕಿದ್ದದ್ದು ಮಾರನೆಯ ಬೆಳಗ್ಗೆ.

ನಾನು ಮಾಡುವುದು ಉತ್ಪನ್ನಗಳ ಫೋಟೋಗ್ರಫಿ. ಶೂ, ಬಾಟಲಿ, ವಾಚು, ಬ್ಯಾಗು. ಬಿಳಿ ಹಿನ್ನೆಲೆ, ಬೆಳಕನ್ನು ಮೆತ್ತಗೆ ಹರಡುವ ಎರಡು ಸಾಫ್ಟ್‌ಬಾಕ್ಸ್, ಪಕ್ಕದಲ್ಲೊಂದು ಬಿಳಿ ಥರ್ಮೋಕೋಲ್ ಹಲಗೆ. ಕವಿತೆ ಬರೆಯುವ ಕೆಲಸವಲ್ಲ, ಲೆಕ್ಕ ಬರೆಯುವ ಕೆಲಸ. ಆ ಸಲ 140 ವಸ್ತುಗಳು, ಮೂರು ದಿನ. ಬಾಡಿಗೆಗೆ ಕ್ಯಾಮೆರಾ ತರಬಹುದಿತ್ತು, ಆದರೆ ಅಷ್ಟು ರಾತ್ರಿಯಲ್ಲಿ ಯಾರು ಕೊಡುತ್ತಾರೆ? ಕಪಾಟಿನ ಮೇಲಿನ ಅರೆಯಲ್ಲಿ ನಿಕಾನ್ ಡಿ700 ಇತ್ತು. 2008ರಲ್ಲಿ ಬಂದ ಮಾಡೆಲ್, 12.1 ಮೆಗಾಪಿಕ್ಸೆಲ್, ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ 35 ಎಂಎಂ ಫಿಲ್ಮಿನ ಅಳತೆಯದು. ಐದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಮಾರಲು ಮನಸ್ಸು ಬಾರದೆ ಇಟ್ಟುಕೊಂಡದ್ದೇ ಹೊರತು, ಬೇಕಾಗುತ್ತದೆ ಅಂತಲ್ಲ.

ರಾತ್ರಿ ಕೂತು ಮೊದಲು ಮಾಡಿದ್ದು ಲೆಕ್ಕ. ಗಿರಾಕಿ ಕೊಟ್ಟ ಪಟ್ಟಿಯಲ್ಲಿ ವೆಬ್‌ಸೈಟಿಗೆ 2000 x 2000 ಪಿಕ್ಸೆಲ್‌ನ ಚೌಕ ಚಿತ್ರ ಬೇಕಿತ್ತು, ಮುದ್ರಣಕ್ಕೆ ಹೆಚ್ಚೆಂದರೆ ಎ4 ಪೂರ್ತಿ ಪುಟ. ಡಿ700 ಕೊಡುವುದು 4256 x 2832. ಎ4 ಪುಟವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಅಚ್ಚು ಹಾಕಲು ಬೇಕಾದದ್ದು 3508 x 2480. ಸುತ್ತಲೂ 3 ಮಿಲಿಮೀಟರ್ ಕತ್ತರಿಸುವ ಅಂಚು ಸೇರಿಸಿದರೂ ಒಳಗೇ ಕೂರುತ್ತದೆ. ಲೆಕ್ಕ ಸರಿಹೋದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ನಾಲ್ಕು ವರ್ಷದಿಂದ 45 ಮೆಗಾಪಿಕ್ಸೆಲ್ ತೆಗೆದು, ಅದರ ಹತ್ತರಲ್ಲಿ ಒಂಬತ್ತು ಭಾಗವನ್ನು ಎಸೆದು, 2000 ಪಿಕ್ಸೆಲ್‌ಗೆ ಇಳಿಸಿ ಕಳಿಸುತ್ತಿದ್ದೆ. ಅದಕ್ಕಾಗಿ ಹಾರ್ಡ್‌ಡಿಸ್ಕ್ ಮೇಲೆ ಹಾರ್ಡ್‌ಡಿಸ್ಕ್ ಕೊಂಡದ್ದೂ ನಾನೇ.

ಮೊದಲ ದಿನ ಬೆಳಗ್ಗೆ ನನ್ನ ಸಹಾಯಕ ಕ್ಯಾಮೆರಾ ನೋಡಿ, 'ಇದರಲ್ಲಿ ವಿಡಿಯೋ ಎಲ್ಲಿ ಆನ್ ಮಾಡೋದು ಸರ್?' ಎಂದ. ವಿಡಿಯೋ ಇಲ್ಲ ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

ಐಎಸ್‌ಒ 200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11, ಶಟರ್ 1/125. ಸ್ಟುಡಿಯೋ ಫ್ಲಾಶ್ ಮಿಂಚಿತು, ಮೊದಲ ಶೂ ಪರದೆಯ ಮೇಲೆ ಬಂತು. ಇಬ್ಬರೂ ಸುಮ್ಮನೆ ನೋಡಿದೆವು. ತೊಗಲಿನ ರೇಖೆ, ಹೊಲಿಗೆಯ ದಾರ, ಅಂಚಿನ ಹೊಳಪು ಎಲ್ಲವೂ ಇದ್ದ ಹಾಗೇ ಇತ್ತು. ಇದರಲ್ಲಿ ಪವಾಡವೇನಿಲ್ಲ. ಹೊಸ ಸೆನ್ಸರ್‌ಗಳು ಮುಂದೆ ಹೋಗಿರುವುದು ಮುಖ್ಯವಾಗಿ ಎರಡು ಕಡೆ: ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ತಗ್ಗಿಸುವುದರಲ್ಲಿ, ನೆರಳಿನ ಭಾಗವನ್ನು ಆಮೇಲೆ ಮೇಲೆತ್ತಿದರೂ ಕೆಡದಂತೆ ಉಳಿಸಿಕೊಳ್ಳುವುದರಲ್ಲಿ. ನನ್ನ ಮೇಜಿನ ಮೇಲೆ ಕತ್ತಲೂ ಇಲ್ಲ, ಎತ್ತಬೇಕಾದ ನೆರಳೂ ಇಲ್ಲ. ಬೆಳಕು ಎಷ್ಟು ಬೇಕೋ ಅಷ್ಟನ್ನು ನಾನೇ ಸುರಿಯುತ್ತೇನೆ. ಬೆಳಕು ನಮ್ಮ ಕೈಲಿದ್ದಾಗ ಸೆನ್ಸರ್‌ಗೆ ವಯಸ್ಸಾಗುವುದಿಲ್ಲ.

ಆದರೆ ಕ್ಯಾಮೆರಾ ಅಂದರೆ ಬರೀ ಸೆನ್ಸರ್ ಅಲ್ಲ. ಆ ಮೂರು ದಿನ ನನ್ನನ್ನು ಗೋಳು ಹೊಯ್ದುಕೊಂಡದ್ದೆಲ್ಲ ಅದರ ಸುತ್ತಮುತ್ತಲಿನ ಸಣ್ಣಪುಟ್ಟ ಸಾಮಾನು.

ಕಾರ್ಡ್ ಮೊದಲನೆಯದು. ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಸಿಕ್ಕಿತು, ಅದನ್ನು ಓದುವ ರೀಡರ್ ಮನೆ ತುಂಬ ಹುಡುಕಿದರೂ ಸಿಗಲಿಲ್ಲ. ಕ್ಯಾಮೆರಾಗೆ ನೇರ ಕೇಬಲ್ ಹಾಕೋಣವೆಂದರೆ ಅದರದ್ದು ಮಿನಿ ಯುಎಸ್‌ಬಿ, ಸಹಾಯಕನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಟೈಪ್ ಸಿ ಮಾತ್ರ. ಹಳೆಯ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತು, ಅದಕ್ಕೊಂದು ಕನ್ವರ್ಟರ್ ಸಿಕ್ಕಿಸಿ ದಾರಿ ಮಾಡಿಕೊಂಡೆವು. ಕಾಂಪ್ಯಾಕ್ಟ್ ಫ್ಲಾಶ್ ಬಳಸುವವರಿಗೆ ಒಂದು ಮಾತು: ಸ್ಲಾಟಿನ ಒಳಗೆ ಕೂದಲಿನಂಥ 50 ಪಿನ್ನುಗಳಿರುತ್ತವೆ. ಕಾರ್ಡನ್ನು ಓರೆಯಾಗಿ ಒತ್ತಿ ಒಂದು ಪಿನ್ ಬಾಗಿದರೂ ಕಥೆ ಮುಗಿದಂತೆ. ಹಳೆಯದನ್ನು ಕೊಳ್ಳುವಾಗ ಟಾರ್ಚ್ ಹಾಕಿ ಅದನ್ನೇ ಮೊದಲು ನೋಡಿ. ಎಸ್‌ಡಿ ಕಾರ್ಡ್ ಬಳಸುವ ತೀರಾ ಹಳೆಯ ಕ್ಯಾಮೆರಾಗಳದ್ದು ಇನ್ನೊಂದು ತಾಪತ್ರಯ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್ ಬಂದದ್ದೇ 2006ರಲ್ಲಿ. ಅದಕ್ಕೂ ಹಿಂದಿನವುಗಳಿಗೆ ಹೆಚ್ಚೆಂದರೆ 2 ಜಿಬಿ ಕಾರ್ಡು ಬೇಕು, ಇವತ್ತಿನ ಕಾರ್ಡು ಹಾಕಿದರೆ ಅದನ್ನು ಗುರುತೇ ಹಿಡಿಯುವುದಿಲ್ಲ.

ಧೂಳು ಎರಡನೆಯದು. ಕಿಂಡಿ ಅಗಲವಿರುವ ಎಫ್/4ರಲ್ಲಿ ಕಾಣದ ಸೆನ್ಸರ್ ಮೇಲಿನ ಧೂಳು, ಕಿಂಡಿ ಕಿರಿದಾಗಿಸಿ ಎಫ್/16ಕ್ಕೆ ಹೋದ ಕೂಡಲೇ ಬಿಳಿ ಹಿನ್ನೆಲೆಯ ಮೇಲೆ ಕರಿ ಚುಕ್ಕೆಯಾಗಿ ಕೂರುತ್ತದೆ. ಐದು ವರ್ಷ ಕಪಾಟಿನಲ್ಲಿದ್ದ ಕ್ಯಾಮೆರಾದಲ್ಲಿ ಎಷ್ಟು ಚುಕ್ಕೆ ಇದ್ದಿರಬಹುದು ನೀವೇ ಊಹಿಸಿ. ರಬ್ಬರ್ ಬ್ಲೋವರ್‌ನಿಂದ ಊದಿ ಊದಿ ಅರ್ಧ ಹೋಯಿತು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಒರೆಸಿದೆ.

ಮೂರನೆಯದು ಗಡಿಯಾರ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ಒಂದು ರಾತ್ರಿಯ ನಿದ್ದೆ ತಿಂದದ್ದು ಇದೇ.

ನಮ್ಮ ಪದ್ಧತಿ ಹೀಗಿತ್ತು. ಪ್ರತಿ ವಸ್ತು ಮೇಜಿಗೆ ಬಂದಾಗ ಸಹಾಯಕ ಅದರ ಕೋಡ್ ಚೀಟಿಯನ್ನು ಫೋನಿನಲ್ಲಿ ಕ್ಲಿಕ್ಕಿಸುತ್ತಾನೆ. ಆಮೇಲೆ ನಾನು ಕ್ಯಾಮೆರಾದಲ್ಲಿ ಆರೇಳು ಕೋನದಿಂದ ತೆಗೆಯುತ್ತೇನೆ. ಸಂಜೆ ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿದರೆ ಚೀಟಿ, ಅದರ ಹಿಂದೆ ವಸ್ತು, ಮತ್ತೆ ಚೀಟಿ, ಹೀಗೆ ಸಾಲಾಗಿ ನಿಲ್ಲುತ್ತವೆ. ಹೊಸ ಕ್ಯಾಮೆರಾ ಫೋನಿನಿಂದಲೇ ಸಮಯ ಹೊಂದಿಸಿಕೊಳ್ಳುತ್ತಿದ್ದುದರಿಂದ ಇದು ಎಂದೂ ಕೈಕೊಟ್ಟಿರಲಿಲ್ಲ.

ಡಿ700 ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಬ್ಯಾಟರಿ ಇದೆ. ಅದು ದೊಡ್ಡ ಬ್ಯಾಟರಿಯಿಂದ ಚಾರ್ಜ್ ಆಗುತ್ತದೆ. ಎರಡು ದಿನ ಚಾರ್ಜ್ ಆದರೆ ಸುಮಾರು ಮೂರು ತಿಂಗಳು ಗಡಿಯಾರ ನಡೆಸುತ್ತದೆ. ನಾನು ಐದು ವರ್ಷ ಬ್ಯಾಟರಿ ತೆಗೆದಿಟ್ಟಿದ್ದೆ. ಬೆಳಗ್ಗೆ ಸಮಯವನ್ನೇನೋ ಸರಿಯಾಗಿ ಇಟ್ಟೆ. ಮಧ್ಯಾಹ್ನ ಬ್ಯಾಟರಿ ಬದಲಿಸಿದೆ. ಒಳಗಿನ ಪುಟ್ಟ ಬ್ಯಾಟರಿ ಇನ್ನೂ ಖಾಲಿಯೇ ಇದ್ದುದರಿಂದ ಗಡಿಯಾರ ಹಿಂದೆಲ್ಲೋ ಒಂದು ಜನವರಿ 1ಕ್ಕೆ ಜಿಗಿದು ಸೊನ್ನೆಯಿಂದ ಶುರು ಮಾಡಿತು. ಕ್ಯಾಮೆರಾದ ಮೇಲ್ಭಾಗದ ಪುಟ್ಟ ಪರದೆಯಲ್ಲಿ ಕ್ಲಾಕ್ ಎಂಬ ಗುರುತು ಮಿಣುಕುತ್ತಿತ್ತಂತೆ. ಕೆಲಸದ ಭರದಲ್ಲಿ ಯಾರು ನೋಡುತ್ತಾರೆ? ಸಂಜೆ ನಾಲ್ಕಕ್ಕೆ ಮತ್ತೆ ಬ್ಯಾಟರಿ ಬದಲಿಸಿದೆ. ಮತ್ತೆ ಅದೇ ಜನವರಿ 1, ಮತ್ತೆ ಸೊನ್ನೆಯಿಂದ.

ರಾತ್ರಿ ಜೋಡಿಸಿದಾಗ ಮಧ್ಯಾಹ್ನದ ಬಾಟಲಿಗಳೂ ಸಂಜೆಯ ಬ್ಯಾಗುಗಳೂ ಒಂದೇ ಗಂಟೆಯೊಳಗೆ ಹೆಣೆದುಕೊಂಡು ಬೆಳಗಿನ ಶೂಗಳಿಗಿಂತ ಮೊದಲು ಬಂದು ಕೂತಿದ್ದವು. ಒಂದೇ ಬ್ಯಾಗಿನ ಮೂರು ಬಣ್ಣ, ಮೂರು ಕೋಡು, ನೋಡಿದರೆ ಯಾವುದು ಯಾವುದೆಂದು ಆ ಬ್ಯಾಗಿಗೇ ಗೊತ್ತಿಲ್ಲ. ಕೊನೆಗೆ ಕೈಹಿಡಿದದ್ದು ಫೈಲಿನ ಕ್ರಮಸಂಖ್ಯೆ. ಗಡಿಯಾರ ಸತ್ತರೂ ಕ್ಯಾಮೆರಾ ಅಂಕೆ ಎಣಿಸುವುದನ್ನು ಬಿಟ್ಟಿರಲಿಲ್ಲ. ಅದರ ಪ್ರಕಾರ ಸಾಲು ಮಾಡಿ, ಎರಡು ತುಂಡುಗಳ ಸಮಯವನ್ನೂ ಸಾಫ್ಟ್‌ವೇರಿನಲ್ಲಿ ಬೇರೆ ಬೇರೆಯಾಗಿ ಮುಂದಕ್ಕೆ ತಳ್ಳಿ, ಚೀಟಿಗಳ ಜೊತೆ ಕೂಡಿಸುವಷ್ಟರಲ್ಲಿ ಎರಡು ಗಂಟೆ ರಾತ್ರಿ. ಮರುದಿನದಿಂದ ಚೀಟಿಯನ್ನು ಅದೇ ಕ್ಯಾಮೆರಾದ ಮೊದಲ ಫ್ರೇಮಿನಲ್ಲಿ ತೆಗೆಯಲು ಶುರು ಮಾಡಿದೆವು. ಹೊಸ ಕ್ಯಾಮೆರಾ ವಾಪಸ್ ಬಂದ ಮೇಲೂ ಅದನ್ನೇ ಮುಂದುವರಿಸಿದ್ದೇವೆ. ಇಷ್ಟು ಸರಳವಾದದ್ದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ.

ಒಂದು ಕಡೆ ಮಾತ್ರ ಚಿತ್ರದ ವಿಷಯದಲ್ಲೇ ಹಳೆಯ ಕ್ಯಾಮೆರಾ ಸೋತಿತು. ವಾಚುಗಳನ್ನು ಪಟ್ಟಿಯ ಸಮೇತ ಉದ್ದಕ್ಕೆ ತೆಗೆದಿದ್ದೆವು. ವಾರ ಕಳೆದ ಮೇಲೆ ಗಿರಾಕಿಯ ಕಡೆಯಿಂದ ಫೋನ್: ಒಂದು ವಾಚಿನ ಮುಖವನ್ನಷ್ಟೇ ಕತ್ತರಿಸಿ 3840 ಪಿಕ್ಸೆಲ್ ಅಗಲದ ಬ್ಯಾನರ್ ಮಾಡಿಕೊಡಿ. ಮುಖ ಇದ್ದದ್ದು ಚಿತ್ರದ ಮೂರನೇ ಒಂದು ಭಾಗದಲ್ಲಿ, ಅಂದರೆ 1400 ಚಿಲ್ಲರೆ ಪಿಕ್ಸೆಲ್. ಹಿಗ್ಗಿಸಿದರೆ ಅಂಕೆಗಳ ಅಂಚು ಮಸುಕು. 45 ಮೆಗಾಪಿಕ್ಸೆಲ್ ಆಗಿದ್ದರೆ 2700ರ ಹತ್ತಿರ ಸಿಗುತ್ತಿತ್ತು, ಸ್ವಲ್ಪ ಹಿಗ್ಗಿಸಿ ಮಾನ ಉಳಿಸಿಕೊಳ್ಳಬಹುದಿತ್ತು. ವಾಚನ್ನು ಮತ್ತೆ ತರಿಸಿ ಮ್ಯಾಕ್ರೋ ಲೆನ್ಸ್‌ನಲ್ಲಿ ಮುಖವನ್ನಷ್ಟೇ ತುಂಬಿಸಿ ತೆಗೆದೆ. ನನ್ನ ಕೆಲಸದಲ್ಲಿ ಹೆಚ್ಚು ಮೆಗಾಪಿಕ್ಸೆಲ್ ಅಂದರೆ ಗಿರಾಕಿ ಆಮೇಲೆ ಮನಸ್ಸು ಬದಲಾಯಿಸಲು ನಾವು ಮೊದಲೇ ಇಟ್ಟುಕೊಂಡ ಜಾಗ, ಅಷ್ಟೇ. ಗಿರಾಕಿಗಳು ಮನಸ್ಸು ಬದಲಾಯಿಸುತ್ತಲೇ ಇರುತ್ತಾರೆ, ಆದ್ದರಿಂದ ಅದು ಸಣ್ಣ ವಿಷಯವಲ್ಲ.

ಶೂಗಳ ಜಾಲರಿ ಬಟ್ಟೆಯಲ್ಲಿ ಒಂದೆರಡು ಕಡೆ ಕಾಮನಬಿಲ್ಲಿನಂಥ ಅಲೆ ಅಲೆ ಗೆರೆ ಬಂದವು. ಮೋರೆ (moiré) ಅನ್ನುತ್ತಾರಲ್ಲ, ಅದು. ನೇಯ್ಗೆಯ ಸಂದೂ ಸೆನ್ಸರಿನ ಪಿಕ್ಸೆಲ್‌ಗಳ ಸಂದೂ ಹತ್ತಿರ ಹತ್ತಿರ ಬಂದಾಗ ಹೀಗಾಗುತ್ತದೆ. ಕ್ಯಾಮೆರಾವನ್ನು ಒಂದು ಗೇಣು ಹಿಂದೆ ಸರಿಸಿದರೆ ಹೋಗುತ್ತದೆ, ಹೋಯಿತು.

ಈ ಯಶಸ್ಸು ನನ್ನ ತಲೆಗೇರಿತು ಅನ್ನಬೇಕು. ಅದೇ ವಾರ ಒಂದು ವೇದಿಕೆ ಕಾರ್ಯಕ್ರಮವಿತ್ತು. ಯಾರದೋ ಒತ್ತಾಯಕ್ಕೆ ಒಪ್ಪಿಕೊಂಡ ಕೆಲಸ. ಅಲ್ಲಿಗೂ ಡಿ700 ಹಿಡಿದು ಹೋದೆ. ಅಲ್ಲಿ ಬೆಳಕು ನನ್ನದಲ್ಲ, ಸಮಯವೂ ನನ್ನದಲ್ಲ. ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಒಂದೇ ಸಮ ಉರಿಯುತ್ತವೆ, ಆದರೆ ಎಷ್ಟೋ ದೀಪಗಳು ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತಿರುತ್ತವೆ. ಶಟರನ್ನು 1/500ಕ್ಕೆ ಇಟ್ಟ ಕೂಡಲೇ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ಆ ಮಿನುಗನ್ನು ಗುರುತಿಸಿ, ಬೆಳಕು ತುಂಬಿದ ಗಳಿಗೆಯಲ್ಲೇ ಶಟರ್ ಬಿಡುವ ಸೌಲಭ್ಯ ಕನ್ನಡಿಯಿರುವ ಎಸ್‌ಎಲ್‌ಆರ್‌ಗಳಿಗೆ ಬಂದದ್ದು 2014ರ ಕೆನಾನ್ 7ಡಿ ಮಾರ್ಕ್ 2 ಹೊತ್ತಿಗೆ. ನನ್ನದರಲ್ಲಿ ಅದೆಲ್ಲಿಂದ ಬರಬೇಕು? 1/100ಕ್ಕೆ ಇಳಿದೆ, ಪಟ್ಟೆ ಹೋಯಿತು, ನರ್ತಕರ ಕೈಕಾಲು ಮಸುಕಾದವು. 51 ಫೋಕಸ್ ಬಿಂದುಗಳೇನೋ ಇವೆ, ಆದರೆ ಎಲ್ಲವೂ ಫ್ರೇಮಿನ ನಡುವೆ ಗುಂಪುಗೂಡಿ ಕೂತಿವೆ. ಅಂಚಿನಲ್ಲಿ ನಿಂತವರ ಮುಖಕ್ಕೆ ಫೋಕಸ್ ಮಾಡಿ, ಹಾಗೇ ಹಿಡಿದುಕೊಂಡು, ಫ್ರೇಮ್ ತಿರುಗಿಸುವಷ್ಟರಲ್ಲಿ ಅವರು ಅಲ್ಲಿರುವುದಿಲ್ಲ. ಹೊಸ ಕ್ಯಾಮೆರಾ ತಾನೇ ಕಣ್ಣನ್ನು ಹುಡುಕಿ ಅಂಟಿಕೊಳ್ಳುವುದಕ್ಕೆ ಒಗ್ಗಿಹೋದ ನನ್ನ ಕೈಗೆ ಹಳೆಯ ಅಭ್ಯಾಸ ಮರೆತೇಹೋಗಿತ್ತು. ಸಾಲದ್ದಕ್ಕೆ ಮೌನದ ಗಳಿಗೆಯಲ್ಲಿ ಕನ್ನಡಿ ಎದ್ದು ಬೀಳುವ ಠಪ್ ಸದ್ದು. ಮುಂದಿನ ಸಾಲಿನವರು ಮೂರು ಸಲ ತಿರುಗಿ ನೋಡಿದರು. ನಾಲ್ಕನೇ ಸಲ ತಿರುಗುವ ಮೊದಲೇ ನಾನು ಹಿಂದಕ್ಕೆ ಹೋಗಿ ನಿಂತೆ. ಆ ಸಂಜೆಯ ಚಿತ್ರಗಳಲ್ಲಿ ಕೊಡಲು ಯೋಗ್ಯವಾದವು ಸಿಕ್ಕವು, ಹೆಮ್ಮೆಪಡುವಂಥವು ಸಿಗಲಿಲ್ಲ.

ಇದಾದ ಮೇಲೆ 'ಹಳೇ ಕ್ಯಾಮೆರಾ ಕೊಳ್ಳಬಹುದಾ' ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು, ನಿಮ್ಮ ವಸ್ತು ನೀವು ಹೇಳಿದ ಕಡೆ ನಿಲ್ಲುತ್ತದೆಯೋ ಓಡುತ್ತದೆಯೋ ಎಂದು. ನಿಲ್ಲುವುದಾದರೆ ಧಾರಾಳವಾಗಿ ಕೊಳ್ಳಿ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಕೇಳಿ (ಡಿ700 ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿದ್ದರು), ಬ್ಯಾಟರಿ ಉಬ್ಬಿದೆಯೋ ನೋಡಿ, ಹಿಡಿಯ ರಬ್ಬರ್ ಅಂಟಂಟಾಗಿದೆಯೋ ಮುಟ್ಟಿ ನೋಡಿ. ಚಾರ್ಜರ್ ಜೊತೆಗೇ ಸಿಗದಿದ್ದರೆ ಎರಡು ಸಲ ಯೋಚಿಸಿ.

ಅಂಗೈಯಲ್ಲಿ ಹಿಡಿಯುವ ಪುಟ್ಟ ಹಳೆಯ ಕ್ಯಾಮೆರಾಗಳ ವಿಷಯ ಬೇರೆ. ಸಹಾಯಕನಿಗೆ ಅವುಗಳ ಹುಚ್ಚು. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರಿನ ಬಣ್ಣವೇ ಬೇರೆ ಎಂದು ವಾದಿಸುತ್ತಾನೆ. ನನಗೇನೋ ಆ ಬಣ್ಣದ ಗುಟ್ಟು ಸೆನ್ಸರಿನಲ್ಲಿ ಕಂಡಿಲ್ಲ. ಕ್ಯಾಮೆರಾ ಒಳಗೇ ಜೆಪೆಗ್ ಬೇಯಿಸುವ ರೀತಿ, ಮುಖಕ್ಕೆ ನೇರ ಹೊಡೆಯುವ ಫ್ಲಾಶ್, ಇವೆರಡರಲ್ಲೇ ಅದರ ಬಹುಪಾಲು ಇದೆ. ಆ ಪುಟ್ಟ ಕ್ಯಾಮೆರಾಗಳ ಮಾಮೂಲಿ ಸೆನ್ಸರ್ 6.2 x 4.6 ಮಿಲಿಮೀಟರಿನಷ್ಟು, ಇವತ್ತಿನ ಎಷ್ಟೋ ಫೋನುಗಳಲ್ಲಿ ಅದಕ್ಕಿಂತ ದೊಡ್ಡದೇ ಇದೆ. ಆದರೆ ಅವುಗಳ ಫ್ಲಾಶ್ ಮಾತ್ರ ನಿಜವಾದ ಕ್ಸೆನಾನ್. ಕಣ್ಣು ಮಿಟುಕಿಸುವುದರೊಳಗೆ ಮಿಂಚಿ ಹಾರುವ ಕೂದಲನ್ನೂ ನಿಲ್ಲಿಸಿಬಿಡುತ್ತದೆ, ಫೋನಿನ ಎಲ್‌ಇಡಿಗೆ ಅದು ಸಾಧ್ಯವಿಲ್ಲ. ಇಷ್ಟು ಒಪ್ಪಿದ್ದಕ್ಕೇ ಅವನು ಗೆದ್ದೆನೆಂದು ಬೀಗಿದ.

ಹೊಸ ಕ್ಯಾಮೆರಾ ರಿಪೇರಿಯಾಗಿ ಬಂದಿದೆ. ಹೊರಗಿನ ಕೆಲಸಕ್ಕೆ, ಕತ್ತರಿಸಿ ದೊಡ್ಡದು ಮಾಡಬಹುದಾದ ಕೆಲಸಕ್ಕೆ ಅದೇ. ಡಿ700 ಈಗ ಬಿಳಿ ಮೇಜಿನ ಮುಂದಿನ ಸ್ಟ್ಯಾಂಡಿನಲ್ಲೇ ಕೂತಿದೆ, ವಸ್ತುವನ್ನಷ್ಟೇ ತೋರಿಸುವ ಸಾಧಾರಣ ಪ್ಯಾಕ್‌ಶಾಟ್‌ಗಳೆಲ್ಲ ಅದರದ್ದು. ಒಂದು ರಾ ಫೈಲ್ (ಸೆನ್ಸರ್ ಹಿಡಿದ ಮೂಲ ಚಿತ್ರ) 50 ಎಂಬಿ ಬದಲು 15 ಎಂಬಿ ಆಸುಪಾಸು, ಹಾಗಾಗಿ ಬ್ಯಾಕಪ್ ಊಟದ ಹೊತ್ತಿಗೇ ಮುಗಿಯುತ್ತದೆ. ಗಡಿಯಾರದ ಭಯದಿಂದ ಬ್ಯಾಟರಿಯನ್ನು ಒಳಗೇ ಬಿಟ್ಟಿರುತ್ತೇವೆ. ಸೋಮವಾರ ಬೆಳಗ್ಗೆ ಸಹಾಯಕ ಕ್ಯಾಮೆರಾದ ಸಮಯವನ್ನು ಫೋನಿನ ಜೊತೆ ಹೋಲಿಸಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾನೆ. ಈ ವಾರ 40 ಸೆಕೆಂಡು ಹಿಂದಿತ್ತು.