ಈಲ್‌ಗ್ರಾಸ್ ಮೇಲಿನ ಹಸಿರು ಸೀ ಸ್ಲಗ್

ಫಿಲಾಪ್ಲೀಸಿಯಾ ಟೇಲರಿ ಅಂತ ಒಂದು ಸೀ ಸ್ಲಗ್ ಇದೆ, ಅಂದ್ರೆ ಹೊರಗೆ ಚಿಪ್ಪಿಲ್ಲದ ಕಡಲ ಬಸವನಹುಳು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಈಲ್‌ಗ್ರಾಸ್ ಎಂಬ ಕಡಲ ಹುಲ್ಲಿನ ಮೇಲೇ ಇದರ ಬದುಕು. ಮೈ ಚಪ್ಪಟೆ, ಬಣ್ಣ ಎಲೆಯದೇ ಹಸಿರು, ಉದ್ದಕ್ಕೆ ಸಣ್ಣ ಗೆರೆಗಳು. ಕಣ್ಣೆದುರೇ ಇದ್ದರೂ ಸುಲಭಕ್ಕೆ ಕಾಣಿಸುವುದಿಲ್ಲ!

ನನಗೆ ಜಾಸ್ತಿ ಇಷ್ಟ ಅದು ಮಾಡುವ ಕೆಲಸ. ಎಲೆಯ ಮೇಲೆ ಕೂತ ಪಾಚಿಯನ್ನು ಕೆರೆದು ತಿನ್ನುತ್ತದೆ, ಹಾಗಾಗಿ ಹುಲ್ಲಿಗೆ ಬಿಸಿಲು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಅಳಿವೆಗೆ ಹೊಲಗಳ ಗೊಬ್ಬರ ಹರಿದು ಬಂದು ಪಾಚಿ ವಿಪರೀತ ಬೆಳೆಯುತ್ತದೆ, ಅಂಥ ಕಡೆ ಹುಲ್ಲು ಸಾಯಬೇಕಿತ್ತು, ಆದರೆ ಕಡಲ ನೀರುನಾಯಿಗಳು ವಾಪಸ್ ಬಂದ ಮೇಲೆ ಮತ್ತೆ ಹಬ್ಬಿತು. ಯಾಕೆ ಅಂದ್ರೆ ನೀರುನಾಯಿ ಏಡಿ ತಿನ್ನುತ್ತದೆ, ಏಡಿ ಕಮ್ಮಿಯಾದರೆ ಈ ಸ್ಲಗ್ ಉಳಿಯುತ್ತದೆ, ಸ್ಲಗ್ ಉಳಿದರೆ ಎಲೆ ಚೊಕ್ಕಟ. ವಿಜ್ಞಾನಿಗಳು 2013ರಲ್ಲಿ ಇದನ್ನು ಪ್ರಕಟಿಸಿದರು. ಎಷ್ಟು ಚೆಂದದ ಕೊಂಡಿ ಅಲ್ವಾ!

ಇನ್ನೊಂದು ವಿಷಯ. ಬಹುತೇಕ ಸೀ ಸ್ಲಗ್‌ಗಳ ಮರಿಗಳು ಮೊದಲು ನೀರಲ್ಲಿ ತೇಲಿಕೊಂಡು ದೂರ ಹೋಗುತ್ತವೆ. ಇದರ ಮರಿಗಳು ಎಲೆಯ ಮೇಲಿಟ್ಟ ಮೊಟ್ಟೆಯಿಂದ ಪುಟ್ಟ ಸ್ಲಗ್ ಆಗಿಯೇ ಹೊರಬಂದು ಅಲ್ಲೇ ತೆವಳುತ್ತವೆ. ಹಾಗಾಗಿ ಒಂದು ಕಡೆಯ ಹುಲ್ಲು ನಾಶವಾದರೆ ಇವಕ್ಕೆ ಬೇರೆ ಜಾಗ ಸೇರುವುದು ತುಂಬಾ ಕಷ್ಟ.