ಬೆಲೋ ಕಾಡಿಗೆ ಹೋಗುವುದಾದರೆ ಗೋಧಿ ಹೊಲದಿಂದ ಶುರು ಮಾಡಿ

ಪ್ಯಾರಿಸ್‌ನಿಂದ ಒಂದು ದಿನದ ಮಟ್ಟಿಗೆ ಬೆಲೋ ಕಾಡಿಗೆ ಹೋಗಿಬರುವವರು ಸಾಮಾನ್ಯವಾಗಿ ಮೊದಲು ಸೈನಿಕರ ಸ್ಮಶಾನ ನೋಡುತ್ತಾರೆ. ಆಮೇಲೆ ಹಳ್ಳಿಯಲ್ಲಿರುವ ನಾಯಿಮುಖದ ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಸಮಯ ಉಳಿದರೆ ಕಾಡಿನೊಳಗೆ ಇಣುಕಿ ಹಿಂತಿರುಗುತ್ತಾರೆ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ಜೂನ್ ತಿಂಗಳಲ್ಲಿ, ಅಮೆರಿಕದ ನಾಲ್ಕನೇ ಮರೀನ್ (ಸಮುದ್ರ ಸೈನಿಕರ) ಬ್ರಿಗೇಡ್ ಜರ್ಮನ್ನರ ವಿರುದ್ಧ ಇಲ್ಲಿ ಏನನ್ನು ಎದುರಿಸಿತು ಎಂದು ತಿಳಿಯಬೇಕಾದರೆ ಅವರು ಬಂದ ದಿಕ್ಕಿನಿಂದಲೇ ಬರಬೇಕು. ಎಂದರೆ ಲ್ಯೂಸಿ-ಲ-ಬೊಕಾಜ್ ಎಂಬ ಹಳ್ಳಿಯಿಂದ ಹೊಲಗಳ ನಡುವೆ ನಡೆದು ಕಾಡಿನ ಅಂಚನ್ನು ಮುಟ್ಟಬೇಕು. ಸ್ಮಶಾನ ಕೊನೆಗಿರಲಿ.

ತಲುಪುವುದು ಕಷ್ಟವಲ್ಲ. ಪ್ಯಾರಿಸ್‌ನ ಗಾರ್ ದ ಲೆಸ್ತ್ ನಿಲ್ದಾಣದಿಂದ ಶಾತೋ-ತಿಯೆರಿ ಪಟ್ಟಣಕ್ಕೆ ನೇರ ರೈಲುಗಳಿವೆ, ಸುಮಾರು ಒಂದು ಗಂಟೆಯ ದಾರಿ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಬೆಲೋ ಹಳ್ಳಿ ಹತ್ತು ಕಿಲೋಮೀಟರ್ ದೂರದಲ್ಲಿದೆ, ಪ್ರವಾಸಿಗರ ಅನುಕೂಲಕ್ಕೆ ತಕ್ಕಂತೆ ಬಸ್ಸು ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಪ್ಯಾರಿಸ್‌ನಿಂದಲೇ ಬಾಡಿಗೆ ಕಾರು ತೆಗೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಟ್ಯಾಕ್ಸಿಯಾದರೆ ಹಿಂದಿನ ದಿನವೇ ಫೋನ್ ಮಾಡಿ, ಹಿಂತಿರುಗುವ ಸಮಯವನ್ನೂ ಆಗಲೇ ಗೊತ್ತುಮಾಡಿಕೊಳ್ಳಿ. ಈ ಹಳ್ಳಿಗಳಲ್ಲಿ ಬೀದಿಗೆ ಬಂದು ಕೈಬೀಸಿದರೆ ನಿಲ್ಲುವ ಗಾಡಿ ಯಾವುದೂ ಇಲ್ಲ. ಇಳಿಯುವುದು ಲ್ಯೂಸಿಯಲ್ಲಿ, ಹತ್ತುವುದು ಬೆಲೋ ಸ್ಮಶಾನದ ಬಾಗಿಲಲ್ಲಿ ಎಂದು ಚಾಲಕನಿಗೆ ಬರೆದೇ ಕೊಡಿ.

ಹೊರಡುವ ಮೊದಲು ಒಂದಿಷ್ಟು ಹಿನ್ನೆಲೆ ತಿಳಿದಿರಲಿ. 1918ರ ಮೇ 27ರಂದು ಏನ್ ನದಿಯ ಕಡೆಯಿಂದ ನುಗ್ಗಿದ ಜರ್ಮನ್ ಸೇನೆ ಕೆಲವೇ ದಿನಗಳಲ್ಲಿ ಮಾರ್ನ್ ನದಿಯ ದಡಕ್ಕೆ ಬಂದಿತ್ತು. ಅಲ್ಲಿಂದ ಪ್ಯಾರಿಸ್ ನೂರು ಕಿಲೋಮೀಟರ್ ಕೂಡ ಇಲ್ಲ. ಸೋತು ಹಿಂದೆ ಸರಿಯುತ್ತಿದ್ದ ಫ್ರೆಂಚರ ನಡುವಿನಿಂದ ಮುಂದೆ ಬಂದು ಪ್ಯಾರಿಸ್-ಮೆಟ್ಸ್ ಹೆದ್ದಾರಿಗೆ ಅಡ್ಡನಿಂತದ್ದು ಅಮೆರಿಕದ ಎರಡನೇ ಡಿವಿಜನ್. ಅದರ ಎರಡು ಬ್ರಿಗೇಡ್‌ಗಳಲ್ಲಿ ಒಂದು ಮರೀನ್‌ರದು: ಐದನೇ ಮತ್ತು ಆರನೇ ರೆಜಿಮೆಂಟ್‌ಗಳು, ಜೊತೆಗೆ ಆರನೇ ಮೆಷಿನ್‌ಗನ್ ಬೆಟಾಲಿಯನ್. ಹಡಗುಗಳ ಮೇಲೆ, ದ್ವೀಪಗಳಲ್ಲಿ ಕೆಲಸ ಮಾಡಿ ಅಭ್ಯಾಸವಿದ್ದ ದಳ ಸಮುದ್ರದಿಂದ ಇಷ್ಟು ದೂರದ ಹೊಲಗಳಲ್ಲಿ ಭೂಸೇನೆಯ ಭಾಗವಾಗಿ ಹೋರಾಡಿತು. ಆಗ ಬ್ರಿಗೇಡ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ಬರ್ಡ್ ಕೂಡ ಭೂಸೇನೆಯವರೇ.

ಈಗ ಲ್ಯೂಸಿಯಿಂದ ನಡೆಯಿರಿ. ಕಾಡಿನ ಅಂಚು ಅರ್ಧ ಗಂಟೆಯೊಳಗಿನ ದಾರಿ. ಹೊಲಗಳು ರೈತರ ಸ್ವಂತದ್ದು, ಬೆಳೆಯೊಳಗೆ ಕಾಲಿಡದೆ ರಸ್ತೆಯಲ್ಲೇ ಇರಿ. ಅರ್ಧದಾರಿಯಲ್ಲಿ ನಿಂತು ಎದುರಿನ ಮರಗಳ ಸಾಲನ್ನು ನೋಡಿ. ಮರೆಗೆಂದು ಒಂದು ಬದು ಕೂಡ ಇಲ್ಲ. ಜೂನ್ 6ರ ನಸುಕಿನಲ್ಲಿ ಒಂದು ಬೆಟಾಲಿಯನ್ ವಾಯವ್ಯದ 'ಹಿಲ್ 142' ಎಂಬ ಗುಡ್ಡವನ್ನು ಹಿಡಿಯಿತು. ಅದೇ ಸಂಜೆ ಐದಕ್ಕೆ ಇಲ್ಲಿಯ ದಾಳಿ ನಡೆಯಿತು. ಕಾಡಿನಲ್ಲಿ ಶತ್ರುಗಳು ಹೆಚ್ಚಿಲ್ಲ ಎಂಬ ತಪ್ಪು ವರದಿ, ಹೇಳಿಕೊಳ್ಳುವಂಥ ಫಿರಂಗಿ ದಾಳಿಯಿಲ್ಲ, ಮುಂಚೆ ಹೋಗಿ ನೋಡಿಬಂದವರಿಲ್ಲ. ಮೇಜರ್ ಬೆರ್ರಿಯ ಬೆಟಾಲಿಯನ್ ಪಶ್ಚಿಮದ ಕಡೆಯಿಂದ ಸುಮಾರು 400 ಗಜ ಗೋಧಿ ಹೊಲವನ್ನು ಸಾಲುಸಾಲಾಗಿ ದಾಟಲು ಹೊರಟು ಮೆಷಿನ್‌ಗನ್‌ಗಳಿಗೆ ಸಿಕ್ಕಿತು. ಆ ಒಂದು ದಿನದ ಸಾವುನೋವು 1,087. ಮರೀನ್ ದಳ ಅಲ್ಲಿಯವರೆಗಿನ ತನ್ನ ಇಡೀ ಚರಿತ್ರೆಯಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಜನರನ್ನು ಅಂದು ಕಳೆದುಕೊಂಡಿತು. ಶೌರ್ಯದ ಬಗ್ಗೆ ಬರೆಯುವವರು ಯೋಜನೆಯ ಈ ಎಡವಟ್ಟನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹೊಲದ ನಡುವೆ ನಿಂತವರಿಗೆ ಅದನ್ನು ಅಷ್ಟು ಸುಲಭವಾಗಿ ದಾಟಿಹೋಗಲು ಆಗುವುದಿಲ್ಲ.

ಬೆರ್ರಿಯ ಜೊತೆಗಿದ್ದ ಪತ್ರಕರ್ತ ಫ್ಲಾಯ್ಡ್ ಗಿಬನ್ಸ್ ಗುಂಡೇಟಿನಿಂದ ಇಲ್ಲೇ ಒಂದು ಕಣ್ಣು ಕಳೆದುಕೊಂಡ. ಅವನು ಕಳುಹಿಸಿದ ಸುದ್ದಿಯಲ್ಲಿ ಮರೀನ್‌ರ ಹೆಸರು ಸೆನ್ಸಾರ್ ದಾಟಿ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಯಿತು. ಪಕ್ಕದಲ್ಲೇ ಹೋರಾಡುತ್ತಿದ್ದ ಭೂಸೇನೆಯ ದಳಗಳಿಗೆ ಆ ಭಾಗ್ಯವಿರಲಿಲ್ಲ, ಆ ಅಸಮಾಧಾನ ದಶಕಗಳ ಕಾಲ ಉಳಿಯಿತು. ಜೂನ್ ಮಧ್ಯದಲ್ಲಿ ದಣಿದ ಮರೀನ್‌ರ ಬದಲಿಗೆ ಕೆಲವು ದಿನ ಈ ಕಾಡಿನಲ್ಲಿ ನಿಂತದ್ದು ಭೂಸೇನೆಯ ಏಳನೇ ಕಾಲಾಳು ರೆಜಿಮೆಂಟ್ ಎಂಬುದು ಇಲ್ಲಿಗೆ ಬರುವ ಎಷ್ಟೋ ಜನರಿಗೆ ಗೊತ್ತಿಲ್ಲ.

ಕಾಡು ಚಿಕ್ಕದು. ನಮ್ಮ ಮಲೆನಾಡಿನವರಿಗೆ ಇದನ್ನು ಕಾಡು ಎನ್ನಲು ಮನಸ್ಸೇ ಬಾರದು. ಉದ್ದ ಒಂದೂವರೆ ಕಿಲೋಮೀಟರ್ ಚಿಲ್ಲರೆ, ಅಗಲ ಅದಕ್ಕೂ ಕಡಿಮೆ. ಇಷ್ಟನ್ನು ಹಿಡಿಯಲು ಜೂನ್ 26ರವರೆಗೆ ಬೇಕಾಯಿತು. ಅಂದು ಮೇಜರ್ ಮಾರಿಸ್ ಶಿಯರರ್ ಕಾಡು ಪೂರ್ತಿ ಮರೀನ್‌ರ ವಶವಾಯಿತೆಂದು ಸಂದೇಶ ಕಳುಹಿಸಿದ. ಒಳಗೆ ಹೋದರೆ ಕಾರಣ ತಿಳಿಯುತ್ತದೆ. ನೆಲದ ತುಂಬ ಬಂಡೆಗಳು, ಏರುತಗ್ಗುಗಳು, ಹತ್ತು ಹೆಜ್ಜೆ ಆಚೆ ಕಾಣದಷ್ಟು ಪೊದೆ. ಕಂದಕಗಳ ಗುರುತು, ಶೆಲ್ ಬಿದ್ದ ಗುಂಡಿಗಳು ಇಂದಿಗೂ ಇವೆ. ನಡುವಿನ ಬಯಲಿನಲ್ಲಿ ವಶಪಡಿಸಿಕೊಂಡ ಫಿರಂಗಿಗಳ ಜೊತೆ ಮರೀನ್ ಸ್ಮಾರಕವಿದೆ. ಬರಿಮೈಯಲ್ಲಿ ರೈಫಲ್ ಹಿಡಿದು ಮುನ್ನುಗ್ಗುವ ಸೈನಿಕನ ಈ ಕಂಚಿನ ಉಬ್ಬುಶಿಲ್ಪ 1955ರದು, ಕೆತ್ತಿದವರು ಫೆಲಿಕ್ಸ್ ಡಿ ವೆಲ್ಡನ್. ಆರ್ಲಿಂಗ್ಟನ್‌ನಲ್ಲಿರುವ ಪ್ರಸಿದ್ಧ ಇವೊ ಜಿಮಾ ಸ್ಮಾರಕವೂ ಅವರದೇ. ಫ್ರೆಂಚರು 1918ರ ಜೂನ್ 30ರ ಆದೇಶದಲ್ಲಿ ಈ ಕಾಡಿಗೆ ಅಧಿಕೃತವಾಗಿಯೇ ಮರೀನ್ ಬ್ರಿಗೇಡ್‌ನ ಕಾಡು ಎಂದು ಹೆಸರಿಟ್ಟರು.

ಕಾಡಿನಲ್ಲಿ ಎರಡು ಎಚ್ಚರಿಕೆ. ಬೇಸಿಗೆಯಲ್ಲೂ ಪೂರ್ಣ ಪ್ಯಾಂಟು, ಮುಚ್ಚಿದ ಶೂ ಬೇಕು. ಉಣ್ಣೆ ಹುಳುಗಳ ಕಾಟವಿದೆ, ರೂಮಿಗೆ ಮರಳಿದ ಮೇಲೆ ಮೈ ಪರೀಕ್ಷಿಸಿಕೊಳ್ಳಿ. ಎರಡನೆಯದು, ನೆಲದಲ್ಲಿ ಯಾವ ಲೋಹದ ತುಂಡು ಕಂಡರೂ ಮುಟ್ಟಬೇಡಿ. ನೂರು ವರ್ಷದ ಹಳೆಯ ಶೆಲ್ ಇವತ್ತಿಗೂ ಸಿಡಿಯಬಲ್ಲದು, ನೆನಪಿಗೆಂದು ಎತ್ತಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ.

ಏನ್-ಮಾರ್ನ್ ಅಮೆರಿಕನ್ ಸ್ಮಶಾನ ಕಾಡಿನ ಉತ್ತರದ ಇಳಿಜಾರಿನ ಬುಡದಲ್ಲಿದೆ. ಪ್ರವೇಶ ಉಚಿತ, ಬೆಳಿಗ್ಗೆ 9ರಿಂದ ಸಂಜೆ 5, ಡಿಸೆಂಬರ್ 25 ಮತ್ತು ಜನವರಿ 1 ಮಾತ್ರ ರಜೆ. ಇಲ್ಲಿ 2,289 ಸಮಾಧಿಗಳಿವೆ. ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ದೇಹ ಸಿಗದ 1,060 ಜನರ ಹೆಸರುಗಳಿವೆ. ಇವರೆಲ್ಲ ಮರೀನ್‌ರಲ್ಲ, ಈ ಪ್ರದೇಶದ ಬೇರೆ ಕದನಗಳಲ್ಲಿ ಸತ್ತ ಭೂಸೇನೆಯವರೂ ಇದ್ದಾರೆ. ವೀಡನ್ ಆಸ್ಬರ್ನ್ ಎಂಬವರ ಸಮಾಧಿಯನ್ನು ಹುಡುಕಿ. ನೌಕಾಪಡೆಯ ದಂತವೈದ್ಯ, ಜೂನ್ 6ರಂದು ಬುರೆಶ್ ಹಳ್ಳಿಯ ದಾಳಿಯಲ್ಲಿ ಗಾಯಾಳುಗಳನ್ನು ಹೊತ್ತು ತರುತ್ತಿದ್ದಾಗ ಸತ್ತವರು. ಕಚೇರಿಯಲ್ಲಿ ಹೆಸರು ಹೇಳಿದರೆ ಸಿಬ್ಬಂದಿ ಜಾಗ ತೋರಿಸುತ್ತಾರೆ, ಶೌಚಾಲಯವೂ ಅಲ್ಲೇ ಇದೆ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಜರ್ಮನ್ ಸ್ಮಶಾನವಿದೆ. ಎಂಟು ಸಾವಿರಕ್ಕೂ ಹೆಚ್ಚು ಜನ ಮಲಗಿರುವ ಅಲ್ಲಿಗೆ ಯಾವ ಬಸ್ಸೂ ತಿರುಗುವುದಿಲ್ಲ. ದಯವಿಟ್ಟು ಹೋಗಿ, ಹೊಲದ ಆಚೆ ಬದಿಯಲ್ಲಿದ್ದವರೂ ಇಪ್ಪತ್ತರ ಹುಡುಗರೇ.

ನಾಯಿಮುಖದ ಕಾರಂಜಿ ಹಳ್ಳಿಯ ಹಳೆಯ ಬಂಗಲೆಯ ಆವರಣದಲ್ಲಿದೆ, ಅದು ಖಾಸಗಿ ಜಾಗ. ನೋಡುವ ವ್ಯವಸ್ಥೆ ಹೇಗೆಂದು ಸ್ಮಶಾನದ ಕಚೇರಿಯಲ್ಲೇ ವಿಚಾರಿಸಿ. ಜರ್ಮನ್ನರು ಹೆದರಿ ಮರೀನ್‌ರನ್ನು 'ದೆವ್ವದ ನಾಯಿಗಳು' ಎಂದು ಕರೆದರು ಎಂಬ ಕಥೆಯಿಂದ ಈ ಕಾರಂಜಿಗೆ ಇಷ್ಟು ಪ್ರಸಿದ್ಧಿ. ಆದರೆ ಆ ಮಾತು 1918ರ ಏಪ್ರಿಲ್‌ನಲ್ಲೇ, ಈ ಕದನ ಶುರುವಾಗುವ ಮೊದಲೇ, ಅಮೆರಿಕದ ಪತ್ರಿಕೆಗಳಲ್ಲಿ ಬಂದಿತ್ತು. ಮರೀನ್‌ರು ಮಾತ್ರ ಇಂದಿಗೂ ಶ್ರದ್ಧೆಯಿಂದ ಆ ನೀರು ಕುಡಿಯುತ್ತಾರೆ. ಸಾಲು ಉದ್ದವಿದ್ದರೆ ಬಿಟ್ಟುಬಿಡಿ, ಏನೂ ನಷ್ಟವಿಲ್ಲ.

ಯಾವಾಗ ಹೋಗಬೇಕು? ಬೆಳೆ ಎದ್ದುನಿಂತಿರುವ ಜೂನ್ ಮೊದಲ ವಾರವೇ ಒಳ್ಳೆಯದು. ಮೇ ಕೊನೆಯ ಭಾನುವಾರದ ಆಸುಪಾಸಿನಲ್ಲಿ ಅಮೆರಿಕನ್ ಮತ್ತು ಫ್ರೆಂಚ್ ಸೈನಿಕರ ದೊಡ್ಡ ಸ್ಮರಣಾ ಸಮಾರಂಭ ನಡೆಯುತ್ತದೆ. ಐದು ಮತ್ತು ಆರನೇ ರೆಜಿಮೆಂಟ್‌ನವರ ಭುಜದಲ್ಲಿ ಫ್ರಾನ್ಸ್ ಗೌರವವಾಗಿ ಕೊಟ್ಟ ಹೆಣೆದ ಹುರಿಯನ್ನು ನೋಡಬೇಕೆಂದರೆ ಅಂದು ಹೋಗಿ, ನಿಶ್ಶಬ್ದವಾಗಿ ಸುತ್ತಾಡಬೇಕೆಂದರೆ ಆ ದಿನ ತಪ್ಪಿಸಿ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಬೆಲೋದಲ್ಲಾಗಲಿ ಲ್ಯೂಸಿಯಲ್ಲಾಗಲಿ ಹೋಟೆಲನ್ನು ನಂಬಿಕೊಳ್ಳಬೇಡಿ, ನೀರನ್ನೂ ಜೊತೆಗೇ ಒಯ್ಯಿರಿ. ಬುತ್ತಿಯನ್ನು ಸ್ಮಶಾನದೊಳಗೆ ಬಿಚ್ಚುವಂತಿಲ್ಲ. ರೈಲಿಗೆ ಸಮಯ ಮಿಕ್ಕರೆ ಶಾತೋ-ತಿಯೆರಿಯಲ್ಲಿ ಫ್ರೆಂಚ್ ಕವಿ ಲಾ ಫೊಂಟೇನ್ ಹುಟ್ಟಿದ ಮನೆಯಿದೆ, ಈಗ ಅದು ಮ್ಯೂಸಿಯಂ. ತನ್ನ ನೀತಿಕಥೆಗಳಲ್ಲಿ ಎಷ್ಟೋ ಭಾರತದ ಋಷಿ ಪಿಲ್ಪೇಯಿಂದ ಬಂದವು ಎಂದು ಅವನೇ ಒಪ್ಪಿಕೊಂಡಿದ್ದಾನೆ. ನಮ್ಮ ಪಂಚತಂತ್ರವೇ ಪರ್ಶಿಯಾ, ಅರೇಬಿಯಾ ಸುತ್ತಿ ಆ ಹೆಸರಿನಲ್ಲಿ ಅವನ ಕೈ ಸೇರಿತ್ತು. ಮ್ಯೂಸಿಯಂ ತೆರೆದಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಿ, ಸಂಜೆಯ ರೈಲುಗಳ ವೇಳೆಯನ್ನೂ ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.