ಅಡಿಗೆಮನೆಗೆ ಸಾಗವಾನಿ ಯಾಕೆ ಬೇಡ ಅಂದೆ

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಹಳೇ ಮನೆಯ ಅಟ್ಟ ಇಳಿಸಿದಾಗ ಸಾಗವಾನಿ ಹಲಗೆ, ತೊಲೆ ಬೇಕಾದಷ್ಟು ಸಿಕ್ಕವು. ಬಡಿಗೇರ ಒಂದು ಹಲಗೆಗೆ ರಂದಾ ಹೊಡೆದು ತೋರಿಸಿದ. ಹೊಗೆ ಹಿಡಿದ ಕರೀ ಪದರ ಹೋಗಿ ಒಳಗಿನ ಜೇನುಬಣ್ಣ ಕಂಡದ್ದೇ ತಡ, ಯಜಮಾನರು ತೀರ್ಮಾನ ಮಾಡಿಬಿಟ್ಟರು: "ಇಷ್ಟ ಛಲೋ ಕಟಿಗಿ ಮನ್ಯಾಗ ಇರಬೇಕಾದ್ರ ಅಡಿಗಿಮನಿಗೆ ಟೈಲ್ಸ್ ಯಾಕ ತರೂದು?" ಪುಣೆಯಲ್ಲಿರುವ ಮೈದುನನೂ ಫೋನಿನಲ್ಲಿ ಅದಕ್ಕೇ ಹೂಂಗುಟ್ಟಿದ.

ಕಟ್ಟಿಗೆಯ ನೆಲದ ಗುಣ ನನಗೆ ಗೊತ್ತಿಲ್ಲದ್ದಲ್ಲ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದರ ಮೇಲೆ ಬರಿಗಾಲಿಟ್ಟರೆ ಜುಮ್ಮೆನ್ನುವುದಿಲ್ಲ, ಕಟ್ಟಿಗೆ ಕಾಲಿನ ಕಾವನ್ನು ಬೇಗ ಎಳೆದುಕೊಳ್ಳುವುದಿಲ್ಲ. ನಮ್ಮ ಅತ್ತಿಯವರು ಇವತ್ತಿಗೂ ನೆಲದ ಮೇಲೆ ಕೂತೇ ರೊಟ್ಟಿ ಬಡಿಯುವವರು, ಅವರ ಮೊಣಕಾಲಿಗೆ ಅದು ಹಿತ. ಹಿತ್ತಾಳೆ ಪಾತೇಲಿ ಕೈಜಾರಿ ಬಿದ್ದರೆ ಟೈಲ್ಸ್ ಒಡೆಯಬಹುದು, ಕಟ್ಟಿಗೆಗೆ ತಗ್ಗು ಬೀಳುತ್ತದೆ ಅಷ್ಟೇ. ಮಾಸಿದರೆ ಪಾಲಿಶ್ ಪೇಪರ್ ಹೊಡೆದು ಮತ್ತೆ ಹೊಸದು ಮಾಡಬಹುದು.

ಆದರೆ ನಮ್ಮ ಅಡಿಗೆಮನೆ ಅಂದರೆ ನೀರು. ನಳ ಬಂದ ದಿನ ಕೊಡ, ಹಂಡೆ ತುಂಬಿಸುವಾಗ ಚೆಲ್ಲಿಯೇ ಚೆಲ್ಲುತ್ತದೆ. ಹಬ್ಬ, ಅಮಾವಾಸ್ಯೆ ಬಂದರೆ ಬಕೀಟು ನೀರು ಸುರಿದು ತೊಳೆಯದೆ ಅತ್ತಿಯವರಿಗೆ ಸಮಾಧಾನವಿಲ್ಲ. ಕಟ್ಟಿಗೆ ತೇವ ಕುಡಿದಾಗ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಹಲಗೆಯ ಅಂಚು ಮೇಲೆದ್ದು ನಡು ತಗ್ಗಾಗುತ್ತದೆ. ಆಷಾಢ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗದ ಊರು ನಮ್ಮದು. ಅದೇ ಊರಿನಲ್ಲಿ ಮಾರ್ಚ್, ಏಪ್ರಿಲಿಗೆ ಗಾಳಿ ಒಣಗಿ ಉಬ್ಬಿದ್ದ ಹಲಗೆಯೇ ಕುಗ್ಗಿ ಸಂದು ಬಿಡುತ್ತದೆ. ಆ ಸಂದಿಗೆ ಜೋಳದ ಹಿಟ್ಟು, ಸಕ್ಕರೆ ಸೇರಿದರೆ ಇರುವೆಗೆ ಕರೆದು ಊಟ ಹಾಕಿದ ಹಾಗೆ. ಮೇಲೆ ಎಷ್ಟೇ ಪಾಲಿಶ್ ಹೊಡೆದರೂ ನೀರು ಇಳಿಯುವುದು ಸಂದಿನಿಂದಲೇ. ಹಳೇ ಸಾಗವಾನಿಯ ತಿರುಳಿಗೆ ಒರಲಿ ಸುಲಭಕ್ಕೆ ಹತ್ತುವುದಿಲ್ಲ ಅನ್ನುವುದು ಖರೆ. ಆದರೆ ಹಲಗೆಯ ಕೆಳಗೆ ಹಾಕುವ ಪಟ್ಟಿ ಕಾಡುಕಟ್ಟಿಗೆಯದಾದರೆ ಅದಕ್ಕೆ ಆ ಗುಣವೆಲ್ಲಿಂದ ಬರಬೇಕು?

ಅಂಗಡಿಯಲ್ಲಿ ಇನ್ನೊಂದನ್ನು "ವುಡನ್ ಫ್ಲೋರಿಂಗ್" ಅಂತ ತೋರಿಸಿದರು. ಅದು ಲ್ಯಾಮಿನೇಟ್. ಕಟ್ಟಿಗೆಯ ನಾರು ಒತ್ತಿ ಮಾಡಿದ 8 ಅಥವಾ 12 ಮಿಲಿಮೀಟರ್ ಹಾಳೆ, ಮೇಲೆ ಕಟ್ಟಿಗೆಯ ಚಿತ್ರ. ಜೋಡಣೆಯೊಳಗೆ ನೀರಿಳಿದು ಉಬ್ಬಿತೆಂದರೆ ಮೊದಲಿನಂತೆ ಆಗುವುದಿಲ್ಲ, ಉಜ್ಜಿ ಸರಿ ಮಾಡಲಿಕ್ಕೂ ಬರುವುದಿಲ್ಲ. ಅಡಿಗೆಮನೆಗಂತೂ ಅದನ್ನು ನಾನು ಯಾರಿಗೂ ಹೇಳಲಾರೆ.

ಅತ್ತಿಯವರ ಮನಸ್ಸು ಇತ್ತ ಕಟ್ಟಿಗೆಯ ಮೇಲೂ ಇರಲಿಲ್ಲ, ಅತ್ತ ಟೈಲ್ಸ್ ಮೇಲೂ ಇರಲಿಲ್ಲ. ಬೈಲಹೊಂಗಲದ ತವರುಮನೆಯ ಹಾಗೆ ಶಹಾಬಾದ ಫರಸಿ ಕಲ್ಲು ಹಾಕಿಸಿರಿ ಅಂದರು. ಅಗ್ಗ, ಗಟ್ಟಿ, ಕಾಲು ಜಾರುವುದಿಲ್ಲ. ಅವರ ಮಾತಿನಲ್ಲಿ ತೂಕವಿತ್ತು. ಆದರೆ ಅದು ಸುಣ್ಣದ ಕಲ್ಲು. ಲಿಂಬಿಹಣ್ಣಿನ ರಸ, ಹುಣಸೆ ನೀರು ಬಿದ್ದಲ್ಲಿ ಹುಳಿ ಕಲ್ಲನ್ನೇ ತಿಂದು ಮಬ್ಬು ಕಲೆ ಉಳಿಸುತ್ತದೆ, ಎಣ್ಣೆಯೂ ಒಳಗೆ ಇಳಿಯುತ್ತದೆ. ಫರಸಿ ಹಿತ್ತಲಿನಲ್ಲಿ ಪಾತ್ರೆ ತಿಕ್ಕುವ ಜಾಗಕ್ಕೆ ಹೋಯಿತು, ಅಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅಡಿಗೆಮನೆಗೆ ತಂದದ್ದು ಗುಜರಾತಿನ ಮೋರ್ಬಿಯ 2×2 ಅಡಿಯ ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಬಿಗಿ ಮಾಡಿದ್ದು. ಇದು ನೀರು ಹೀರುವುದು ಶೇ 0.5 ಅಥವಾ ಅದಕ್ಕೂ ಕಡಿಮೆ. ಗೋಡೆಗೆ ಹಚ್ಚುವ ಸಿರಾಮಿಕ್ ಟೈಲ್ಸ್ ಶೇ 10ಕ್ಕಿಂತ ಹೆಚ್ಚು ಹೀರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ನೆಲಕ್ಕೆ ಹಾಕಬೇಡಿ. ಕನ್ನಡಿಯಂಥ ಹೊಳಪಿನದು ನನಗೆ ಬೇಡವಾಗಿತ್ತು. ಜಾರದಿರುವುದಕ್ಕೆ ಆರ್9ರಿಂದ ಆರ್13ರವರೆಗೆ ದರ್ಜೆ ಇವೆ, ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ನಾನು ಆರ್10 ಇರುವ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಕೇಳಿದೆ. ಅಂಗಡಿಯಲ್ಲೇ ಒಂದು ತುಣುಕು ಕೆಳಗಿಡಿಸಿ, ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ನಿಂತು ನೋಡಿದೆ. ಬಣ್ಣ ಬೂದಿ, ಮೇಲೆ ಸಣ್ಣ ಚುಕ್ಕೆ. ಕರಿಯದಾದರೆ ಹಿಟ್ಟು ಎದ್ದು ಕಾಣುತ್ತದೆ, ಬಿಳಿಯದಾದರೆ ಅರಿಷಿಣ.

ಗೌಂಡಿ ಕೆಲಸ ಮುಗಿಸಿದ ಮೇಲೆ ನಾನು ಒಂದೊಂದೇ ಟೈಲ್ಸನ್ನು ನಾಣ್ಯದಿಂದ ಬಡಿದು ನೋಡಿದೆ. ಕಿಟಕಿಯ ಕೆಳಗಿನದೊಂದು ಮೂಲೆಯಲ್ಲಿ ಪೊಳ್ಳು ಸದ್ದು ಕೊಟ್ಟಿತು. "ಅದೇನ ಆಗೂದಿಲ್ರೀ ಅಕ್ಕಾರ" ಅಂದ. ತೆಗೆಸಿ ಮತ್ತೆ ಕೂರಿಸಿದೆ. ಕೆಳಗೆ ಗಾಳಿ ಉಳಿದ ಜಾಗದಲ್ಲಿ ಒರಳುಕಲ್ಲು ಇಟ್ಟರೆ ಸೀಳುವುದು ಅಲ್ಲೇ. ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ ಅನ್ನುವ ರಾಳದ ಅಂಟು ತುಂಬಿಸಿದೆ. ಖರ್ಚು ಜಾಸ್ತಿ, ಆದರೆ ಎಣ್ಣೆ ಹೀರುವುದಿಲ್ಲ, ಅರಿಷಿಣದ ಕಲೆಯೂ ಸಿಮೆಂಟಿನಲ್ಲಿ ಹಿಡಿದಂತೆ ಹಿಡಿಯುವುದಿಲ್ಲ. ತುಂಬಿದ ಕೂಡಲೇ ಮೇಲಿನದನ್ನು ಒರೆಸಿ ತೆಗೆಯಬೇಕು, ಗಟ್ಟಿಯಾದ ಮೇಲೆ ಕೆರೆದರೂ ಬರುವುದಿಲ್ಲ.

ಸಾಗವಾನಿ ಪಕ್ಕದ ಪಡಸಾಲೆಗೆ ಹೋಯಿತು, ಯಜಮಾನರಿಗೂ ಖುಷಿ. ಉಳಿದ ತುಂಡಿನಲ್ಲಿ ಅತ್ತಿಯವರಿಗೆ ಅಗಲವಾದ ಮಣೆ ಮಾಡಿಸಿದೆವು, ರೊಟ್ಟಿ ಬಡಿಯಲು ಅದರ ಮೇಲೆ ಕೂರುತ್ತಾರೆ. ಎರಡೂ ಕೋಣೆ ಕೂಡುವ ಬಾಗಿಲಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಟೈಲ್ಸಿನ ದಪ್ಪ ಒಂದು ಸೆಂಟಿಮೀಟರ್ ಹತ್ತಿರ, ಪಟ್ಟಿಯ ಮೇಲೆ ಕೂರುವ ಹಲಗೆ ಅದಕ್ಕಿಂತ ಎಷ್ಟೋ ಎತ್ತರ. ಹಾಗೇ ಬಿಟ್ಟಿದ್ದರೆ ವಯಸ್ಸಾದವರು ಎಡವುವುದು ಗ್ಯಾರಂಟಿ. ಗೌಂಡಿ, ಬಡಿಗೇರ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಕೆಲಸ ಸುರುವಾಗುವ ಮೊದಲೇ ಪಡಸಾಲೆಯ ತಳವನ್ನು ಅಷ್ಟು ತಗ್ಗಿಸಿದೆವು.

ಟೈಲ್ಸ್ ತರುವಾಗ ಶೇ 10ರಷ್ಟು ಹೆಚ್ಚಿಗೆ ತನ್ನಿ, ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಎಲ್ಲಾ ಒಂದೇ ಇದೆಯೇ ನೋಡಿಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಫರಕು ಬರುತ್ತದೆ, ಮುಂದೆ ಒಂದು ಒಡೆದಾಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದು ಕಷ್ಟ.